ನಲವತ್ತೆರಡು ಮೆಟ್ಟಿಲು

ಅಲ್ ಖುವೈರ್, ಮಸ್ಕತ್
2 ಆಗಸ್ಟ್ 1993

ಒಲಿಂಡಾ ಬಾಯಿಗೆ,

ಕೋಪ ಇನ್ನೂ ಇದೆ. ಅದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದು ಬರೆಯಲು ಸುಲಭ. ನೀನು ಊರಿಗೆ ಹೋಗಿ ಎರಡು ವರ್ಷವಾಗುತ್ತ ಬಂತು, ನಾನೊಂದು ಕಾಗದ ಹಾಕಲಿಲ್ಲ, ನೀನೂ ಹಾಕಲಿಲ್ಲ. ಈ ಕಾಗದದಲ್ಲಿ ನಿನ್ನನ್ನು "ನೀವು" ಅನ್ನಬೇಕು, ಸ್ವಲ್ಪ ನೋಯಲಿ ಅಂದುಕೊಂಡಿದ್ದೆ. ಹನ್ನೊಂದು ವರ್ಷ ಎದುರು ಬಾಗಿಲಲ್ಲಿ ಇದ್ದವಳಿಗೆ ನೀವು ಅನ್ನಲು ಪೆನ್ನು ಒಪ್ಪುವುದಿಲ್ಲ ಮಾರಾಯ್ತಿ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಇವರು ಕ್ಷೇಮ. ನನ್ನ ಎರಡು ಮೊಣಗಂಟುಗಳು ಕ್ಷೇಮ ಇಲ್ಲ. ಮಾರ್ಚ್ ತಿಂಗಳಿನಿಂದ ನಾನು ಮೆಟ್ಟಿಲು ಇಳಿದಿಲ್ಲ. ನಿನಗೆ ಗೊತ್ತಲ್ಲ ನಮ್ಮ ಕಟ್ಟಡ, ಲಿಫ್ಟ್ ಇಲ್ಲ, ಎರಡು ಮಾಳಿಗೆಗೆ ಸೇರಿ ನಲವತ್ತು ಮೆಟ್ಟಿಲು, ರಸ್ತೆಗೆ ಇನ್ನೆರಡು. ಇವರ ದಿನಸಿ ಅಂಗಡಿ ಇದೇ ಕಟ್ಟಡದ ಕೆಳಗಿದೆ, ಆದರೂ ನಾನು ಅದರೊಳಗೆ ಕಾಲಿಟ್ಟು ಐದು ತಿಂಗಳಾಯಿತು. ಕಿಟಕಿಯಲ್ಲಿ ಕೂತು ಹೈವೇಯ ಕಾರು ನೋಡುವುದೇ ನನ್ನ ಉದ್ಯೋಗ. ನಮಾಝ್ ಕುರ್ಚಿಯಲ್ಲಿ. ಬೆಳಿಗ್ಗೆ ಎದ್ದರೆ ಕಾಲು ಮರದ ಹಾಗೆ, ಬಚ್ಚಲಿಗೆ ಹೋಗಲು ಗೋಡೆ ಹಿಡಿದು ಕಾಲು ಗಂಟೆ.

ಕಳೆದ ತಿಂಗಳು ಕೆಳಗಿನ ಮನೆಯಲ್ಲಿ ಗ್ಯಾಸ್ ಹೊತ್ತಿ ಹೊಗೆ ಎದ್ದಿತು. ಎಲ್ಲರೂ ಓಡಿ ಇಳಿದರು. ನಾನು ಬಾಗಿಲು ತೆರೆದು ಮೊದಲ ಮೆಟ್ಟಿಲ ಮೇಲೆ ಕೂತು, ಸಾಯುವಾಗ ಹೇಳುವ ಶಹಾದತ್ ಹೇಳಿಕೊಂಡೆ. ಕೊನೆಗೆ ಇವರು ಇಬ್ಬರು ಗಂಡಸರನ್ನು ಕರೆದುಕೊಂಡು ಮೇಲೆ ಬಂದರು. ಅವರು ನನ್ನನ್ನು ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ಇಳಿಸಿದರು. ಇಡೀ ಗಲ್ಲಿ ನೋಡುತ್ತಿತ್ತು. ನಾನು ಮುಖಕ್ಕೆ ಸೆರಗು ಎಳೆದುಕೊಂಡು ಅತ್ತೆ.

ಆ ದಿನದಿಂದ ಇವರದ್ದು ಒಂದೇ ಮಾತು. "ರಂಝಾನಿಗೆ ಮೊದಲು ನೀನು ಉಳ್ಳಾಲಕ್ಕೆ ಹೋಗು, ನಿನ್ನ ತಮ್ಮನ ಮನೆಯಲ್ಲಿ ಇರು. ನಾನು ಅಂಗಡಿ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ." ಮದುವೆಯಾಗಿ ಹನ್ನೆರಡು ವರ್ಷ ಅವರು ಇಲ್ಲಿ, ನಾನು ಅಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ಗಂಡ. ಐದನೇ ಕ್ಲಾಸಿನವಳು ಇಷ್ಟು ಕನ್ನಡ ಬರೆಯುವುದು ಅವರಿಗೆ ಕಾಗದ ಬರೆದೇ. ಮಕ್ಕಳೂ ಇಲ್ಲ, ಇಬ್ಬರಿಗೆ ಇಬ್ಬರೇ. ಅರವತ್ತೊಂದರ ವಯಸ್ಸಿನಲ್ಲಿ ಮತ್ತೆ ಕಾಗದದ ಹೆಂಡತಿಯಾಗಲು ನನ್ನಿಂದಾಗದು.

ಇವರ ತಲೆಗೆ ಈ ಮಾತು ಹಾಕಿದ್ದು ನೀನು. ಹೋಗುವ ಮೊದಲು ಇವರ ಹತ್ತಿರ, "ಸೈನಬಕ್ಕನನ್ನು ಊರಿಗೆ ಕಳಿಸಿ, ಇಲ್ಲಿದ್ದರೆ ಹಾಸಿಗೆ ಹಿಡಿಯುತ್ತಾಳೆ" ಅಂದೆಯಲ್ಲ, ನಾನು ಪರದೆಯ ಹಿಂದೆ ಇದ್ದೆ. ಆದ್ದರಿಂದ ನೀನೇ ದಾರಿ ಹೇಳು. ಕ್ಲಿನಿಕ್‌ನ ಫಿಸಿಯೋ ರೂಮಿನಲ್ಲಿ ಒಂಬತ್ತು ವರ್ಷ ಮುದುಕರ ಕಾಲು ಹಿಡಿದು ಆಡಿಸಿದವಳು ನೀನು. ನಲವತ್ತೆರಡು ಮೆಟ್ಟಿಲು ನನ್ನ ಕಾಲಲ್ಲಿ ಇಳಿದರೆ, ಇವರು ಕಳಿಸುವುದಿಲ್ಲ ಅಂದಿದ್ದಾರೆ. ಬಾಯಿ ಮಾತಿಗೆ ಅಂದದ್ದು, ಆದರೆ ನಾನು ಹಿಡಿದುಕೊಂಡಿದ್ದೇನೆ.

ಸೈನಬ

*

ಕುಲಶೇಖರ, ಮಂಗಳೂರು
19 ಆಗಸ್ಟ್ 1993

ಸೈನಬಕ್ಕ,

ನಿನ್ನ ಬೈಗುಳ ಭದ್ರವಾಗಿ ತಲುಪಿತು. ಆದಂ ಬ್ಯಾರಿಗಳಿಗೆ ನಾನು ಹೇಳಿದ ಮಾತಿನ ವಿಷಯ ಈಗ ಬರೆಯುವುದಿಲ್ಲ. ಕಾಲಿನ ವಿಷಯ ಬರೆಯುತ್ತೇನೆ.

ನೋವು ಅಂತ ನೀನು ಕೂತೆ. ಕೂತದ್ದಕ್ಕೆ ತೊಡೆಯ ಬಲ ಹೋಯಿತು. ಬಲ ಹೋದದ್ದಕ್ಕೆ ಮೊಣಗಂಟಿನ ಮೇಲೆ ಭಾರ ಬಿದ್ದು ಇನ್ನೂ ನೋವು. ಸವೆದ ಗಂಟು ಹೊಸದಾಗುವುದಿಲ್ಲ, ಆ ಆಸೆ ಬಿಡು. ಸುತ್ತಲಿನ ಮಾಂಸಕ್ಕೆ ಬಲ ಬಂದರೆ ಗಂಟಿಗೆ ಸಮಾಧಾನ.

ಮೊದಲು ಬಿಸಿನೀರಿನ ಬಟ್ಟೆ ಹತ್ತು ನಿಮಿಷ ಇಡು. ಆಮೇಲೆ ಹಾಸಿಗೆಯಲ್ಲಿ ಕಾಲು ಚಾಚಿ, ಮೊಣಗಂಟಿನ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಕೆಳಗೆ ಒತ್ತು, ಐದು ಎಣಿಸು, ಬಿಡು. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಎತ್ತು, ಐದು ಎಣಿಸು, ನಿಧಾನ ಇಳಿಸು. ಹತ್ತತ್ತು ಸಲ. ಒಂದು ವಾರ ಕಳೆದ ಮೇಲೆ ಅಡುಗೆಕಟ್ಟೆ ಹಿಡಿದು ಕುರ್ಚಿಯಿಂದ ಏಳು, ಕೂರು. ಕೈಯಿಂದ ಎಳೆದುಕೊಂಡು ಏಳಬಾರದು, ತೊಡೆಯಿಂದ ಏಳಬೇಕು. ಮೆಟ್ಟಿಲಿನ ಹತ್ತಿರ ಹೋಗಬೇಡ. ಅದು ಕೊನೆಗೆ.

ಅಕ್ಷರ ನೋಡಿ ನಗಬೇಡ. ಪೆನ್ನು ಸರಿ ಇಲ್ಲ.

ಒಲಿಂಡಾ

*

ಅಲ್ ಖುವೈರ್
10 ಸೆಪ್ಟೆಂಬರ್ 1993

ಒಲಿಂಡಾ,

ನಿನ್ನ ಮದ್ದಿನಿಂದ ನಾನು ಹಾಸಿಗೆಯಲ್ಲಿದ್ದೇನೆ. ಎಡ ಮೊಣಗಂಟು ಸಣ್ಣ ಕಲ್ಲಂಗಡಿಯಷ್ಟಾಗಿದೆ. ಮುಟ್ಟಿದರೆ ಬಿಸಿ. ಇವರು ದಿನಾ ಎರಡು ಹೊತ್ತು ಐಸ್ ಕಟ್ಟುತ್ತಾರೆ.

ನೀನು ಹೇಳಿದ್ದನ್ನೇ ಮಾಡಿದ್ದೇನೆ, ಒಂದೂ ಬಿಟ್ಟಿಲ್ಲ. ಹತ್ತು ಅಂತ ಬರೆದಿದ್ದೆ, ಸರಿ. ನನಗೆ ಹತ್ತು ಎಣಿಸಿದರೆ ಎಣಿಸಿದ ಹಾಗೆಯೇ ಆಗುವುದಿಲ್ಲ. ನಮಾಝ್ ಮುಗಿಸಿ ಕೈಯಲ್ಲಿ ತಸ್ಬೀಹ್ ಮಾಲೆ ಹೇಗೂ ಇರುತ್ತದೆ. ಒಂದು ಮಣಿಗೆ ಒಂದು ಸಲ ಕಾಲೆತ್ತುವುದು ಅಂತ ಮಾಡಿದೆ. ಸುಬಹಾನಲ್ಲಾ ಮೂವತ್ತಮೂರು, ಅಲ್‌ಹಮ್ದುಲಿಲ್ಲಾ ಮೂವತ್ತಮೂರು, ಅಲ್ಲಾಹು ಅಕ್ಬರ್ ಮೂವತ್ತಮೂರು. ಅಲ್ಲಾಹನ ಹೆಸರು ಹೇಳಿ ಮಧ್ಯದಲ್ಲಿ ಹತ್ತಕ್ಕೆ ನಿಲ್ಲಿಸುವುದು ಹೇಗೆ? ಎರಡು ಕಾಲಿಗೂ ತೊಂಬತ್ತೊಂಬತ್ತು. ನಾಲ್ಕು ದಿನ ಮಾಡಿದೆ. ನೋವಾದಷ್ಟೂ ಪುಣ್ಯ ಹೆಚ್ಚು ಅಂದುಕೊಂಡೆ. ಐದನೇ ದಿನ ಏಳಲಿಕ್ಕಾಗಲಿಲ್ಲ.

ನನಗೆ ಸಾಕಾಗಿದೆ. ಇವರು ಟ್ರಾವೆಲ್ಸ್‌ಗೆ ಹೋಗಿ ಬಂದರು ಅಂತ ಕಾಣುತ್ತದೆ, ಜೇಬಿನಲ್ಲಿ ಚೀಟಿ ಇತ್ತು.

ಸೈನಬ

*

ಕುಲಶೇಖರ
26 ಸೆಪ್ಟೆಂಬರ್ 1993

ಸೈನಬಕ್ಕ,

ಕನ್ನಡಕ ಒಡೆದಿದೆ. ಬರೆಯುತ್ತಿರುವುದು ನನ್ನ ಅಣ್ಣನ ಮಗಳು ಡಾಲಿ, ಹೇಳುವುದು ನಾನು. ಆದ್ದರಿಂದ ಅಕ್ಷರ ಚೆಂದ ಇದೆ, ಬೈಗುಳ ನನ್ನದೇ.

ನಿನ್ನ ತಲೆಯಲ್ಲಿ ಎಂತದುಂಟು? ಹತ್ತು ಅಂದರೆ ಹತ್ತು! ತೊಂಬತ್ತೊಂಬತ್ತು ಮಾಡಿಸಿದರೆ ಕುಸ್ತಿಯವನ ಕಾಲೂ ಊದುತ್ತದೆ. ನೋವು ತಿಂದು ಪುಣ್ಯ ಗಳಿಸುವುದಾದರೆ ಬೇರೆ ದಾರಿ ನೋಡು, ನನ್ನ ವ್ಯಾಯಾಮ ಅದಕ್ಕಲ್ಲ. ಡಾಲಿ ನಗುತ್ತಿದ್ದಾಳೆ, ನನಗೆ ನಗು ಬರಲಿಲ್ಲ.

ಊತ ಇಳಿಯುವ ತನಕ ಏನೂ ಎತ್ತಬೇಡ. ಮಲಗಿದಲ್ಲೇ ಕಾಲನ್ನು ಮೆಲ್ಲ ಮಡಚು, ಬಿಡಿಸು, ಗಂಟು ಹಿಡಿದುಕೊಳ್ಳದ ಹಾಗೆ, ಅಷ್ಟೇ. ಇಳಿದ ಮೇಲೆ ಐದರಿಂದ ಶುರು. ಒಂದು ಲೆಕ್ಕ ನೆನಪಿಡು. ಮಾಡಿ ಎರಡು ಗಂಟೆಯಾದ ಮೇಲೂ ಮೊದಲಿಗಿಂತ ಹೆಚ್ಚು ನೋವಿದ್ದರೆ ನೀನು ಹೆಚ್ಚು ಮಾಡಿದ್ದಿ, ನಾಳೆ ಅರ್ಧ ಮಾಡು. ನೋವಿದೆ ಅಂತ ಪೂರ್ತಿ ಬಿಡಬೇಡ.

ತಸ್ಬೀಹ್ ದೂರ ಇಡು. ಅದರ ಬದಲು ಹೀಗೆ ಮಾಡು. ದಿನಕ್ಕೆ ಐದು ಸಲ ಬಾಂಗ್ ಕೇಳುತ್ತದಲ್ಲ? ಬಾಂಗ್ ಆದ ಕೂಡಲೇ, ಕೈಕಾಲು ತೊಳೆದು ವುಝೂ ಮಾಡಲು ಏಳುವ ಮೊದಲು, ಕುರ್ಚಿಯಲ್ಲೇ ಐದು. ಒಂದು ವಾರ ಕಳೆದು ಏಳು, ಆಮೇಲೆ ಹತ್ತು. ಐದು ವಕ್ತಿಗೆ ಐವತ್ತಾಗುತ್ತದೆ, ಗಂಟಿಗೆ ಗೊತ್ತೇ ಆಗುವುದಿಲ್ಲ. ನಿನಗೆ ಯಾರೂ ನೆನಪು ಮಾಡಬೇಕಾಗಿಲ್ಲ, ಮಸೀದಿಯವರು ಮಾಡುತ್ತಾರೆ.

ಒಲಿಂಡಾ

*

ಅಲ್ ಖುವೈರ್
8 ನವೆಂಬರ್ 1993

ಒಲಿಂಡಾ,

ಬಾಂಗ್ ಲೆಕ್ಕ ನಡೆಯುತ್ತಿದೆ. ಬೆಳಗಿನ ಸುಬಹಿಗೆ ಕಾಲು ಏಳುವುದೇ ಇಲ್ಲ, ಅಲ್ಲಿ ಬರೀ ಮಡಚಿ ಬಿಡಿಸುವುದು. ಮಧ್ಯಾಹ್ನದ ಲುಹರ್‌ಗೆ ಹತ್ತು ಆಗುತ್ತದೆ. ಸಂಜೆ ಮಗ್ರಿಬ್ ಹೊತ್ತಿಗೆ ಇವರು ಅಂಗಡಿಯಿಂದ ನಮಾಝಿಗೆ ಹೋಗುವಾಗ ಕೆಳಗಿನಿಂದ ಒಮ್ಮೆ ಕಿಟಕಿ ನೋಡುತ್ತಾರೆ. ನಾನು ಕುರ್ಚಿಯಲ್ಲಿ ಕೂತು ಕಾಲೆತ್ತುವುದು ಅವರಿಗೆ ಕಾಣುವುದಿಲ್ಲ, ತಲೆ ಮಾತ್ರ ಕಾಣುತ್ತದೆ. ಮೊನ್ನೆ ಕೇಳಿದರು, "ಎಂತ, ಕಿಟಕಿಯಲ್ಲಿ ಕೂತು ಹಲ್ಲು ಕಚ್ಚುತ್ತೀ?" ನಾನು ಹೇಳಲಿಲ್ಲ. ಒಮ್ಮೆ ಊದಿ ಮರ್ಯಾದೆ ಹೋಗಿದೆ, ಇನ್ನು ಇಳಿದ ಮೇಲೆಯೇ ಹೇಳುವುದು.

ಕುರ್ಚಿಯಿಂದ ಕೈ ಊರದೆ ಏಳುತ್ತೇನೆ. ಬಚ್ಚಲಿಗೆ ಗೋಡೆ ಬೇಡ. ಕಳೆದ ಶನಿವಾರ ಇವರಿಲ್ಲದಾಗ ಕಂಬಿ ಹಿಡಿದು, ಹೆಚ್ಚು ನೋಯುವ ಎಡಗಾಲು ಮೊದಲು ಇಟ್ಟು, ಹತ್ತು ಮೆಟ್ಟಿಲು ಇಳಿದು ಹತ್ತಿದೆ. ಎಷ್ಟು ದಣಿವಾಯಿತೆಂದರೆ ಮಧ್ಯಾಹ್ನದ ಅನ್ನ ಬಿಟ್ಟು ಮಲಗಿದೆ. ಎರಡು ಗಂಟೆ ಕಳೆದು ಮುಟ್ಟಿ ನೋಡಿದೆ, ಊತ ಇಲ್ಲ. ಮಲಗಿದಲ್ಲೇ ನಕ್ಕೆ.

ನಿನ್ನ ಕನ್ನಡಕ ಇನ್ನೂ ಆಗಲಿಲ್ಲವಾ? ಮಂಗಳೂರಿನಲ್ಲಿ ಕನ್ನಡಕಕ್ಕೆ ಆರು ವಾರ ಹಿಡಿಯುತ್ತದಾ? ನಡುವೆ ಬಂದ ಚಿಕ್ಕ ಕಾಗದವೂ ಡಾಲಿಯ ಅಕ್ಷರ. ಸಹಿ ಕೂಡ ಅವಳದ್ದೇ. ಸಹಿ ಹಾಕಲು ಕನ್ನಡಕ ಬೇಕಾ?

ಸೈನಬ

*

ಕುಲಶೇಖರ
25 ನವೆಂಬರ್ 1993

ಸೈನಬಕ್ಕ,

ಹತ್ತು ಮೆಟ್ಟಿಲು ಸಂತೋಷ. ಆತುರ ಬೇಡ. ವಾರಕ್ಕೆ ಎರಡು ಮೆಟ್ಟಿಲು ಹೆಚ್ಚಿಸು. ಹತ್ತುವಾಗ ಬಲಗಾಲು ಮೊದಲು. ಕಂಬಿಗೆ ನೇತುಬೀಳಬೇಡ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಕನ್ನಡಕದ ವಿಷಯ ಬಿಡು.

ಒಲಿಂಡಾ

*

ಅಲ್ ಖುವೈರ್
22 ಡಿಸೆಂಬರ್ 1993

ಒಲಿಂಡಾ,

ಕ್ರಿಸ್ಮಸ್ ಹಬ್ಬಕ್ಕೆ ಮುಬಾರಕ್. ನೀನಿದ್ದಾಗ ನೆವರಿ, ಕಿಡಿಯೋ ತಿಂಡಿ ತುಂಬಿದ ತಟ್ಟೆ ಬರುತ್ತಿತ್ತು. ಎದುರು ಮನೆಯಲ್ಲಿ ಈಗ ಯಾರೋ ಮಿಸರಿನವರು, ಈಜಿಪ್ಟಿನ ಜನ, ಸಲಾಂ ಹೇಳುತ್ತಾರೆ, ಅಷ್ಟೇ.

ನಾನು ಸೋತೆ. ಈ ತಿಂಗಳು ಇಲ್ಲಿಯೂ ಚಳಿ, ಬೆಳಿಗ್ಗೆ ಗಂಟು ಬಿಡುವುದಿಲ್ಲ. ಆದರೂ ಹೋದ ಸೋಮವಾರ ಇಳಿಯಲು ಹೊರಟೆ. ಹದಿನೆಂಟನೇ ಮೆಟ್ಟಿಲಲ್ಲಿ ಎಡ ಮೊಣಗಂಟು ಹಿಡಿದುಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅಲ್ಲೇ ಕೂತೆ. ಹನ್ನೊಂದು ಗಂಟೆಯಿಂದ ಒಂದು ಗಂಟೆಯ ತನಕ. ಮಿಸರಿನ ಹೆಂಗಸು ದಾಟಿ ಹೋದಳು, ನಾನು ಗಾಳಿಗೆ ಕೂತವಳ ಹಾಗೆ ನಕ್ಕೆ.

ಇವರು ಊಟಕ್ಕೆ ಹತ್ತಿ ಬರುವಾಗ ಕಂಡರು. ಬೈದಿದ್ದರೆ ನಾನೂ ಎರಡು ಮಾತು ಬೈಯುತ್ತಿದ್ದೆ. ಬೈಯಲಿಲ್ಲ. ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ಖುಬೂಸ್ ರೊಟ್ಟಿಯ ಪೊಟ್ಟಣ ಮೆಟ್ಟಿಲಲ್ಲಿಟ್ಟು, "ಸಾಕು ಸೈನಬಾ, ಖಲಾಸ್. ಇಬ್ಬರಿಗೂ ವಯಸ್ಸಾಯಿತು" ಅಂದರು. ಫೆಬ್ರವರಿ ಎಂಟಕ್ಕೆ ನನ್ನ ಟಿಕೆಟ್ ತೆಗೆದಿದ್ದಾರೆ. ಒಂದೇ ಟಿಕೆಟ್. ತಮ್ಮನಿಗೆ ಕಾಗದ ಬರೆದಿದ್ದಾರೆ, ಅವನು ಹಿಂದಿನ ಕೋಣೆಗೆ ಸುಣ್ಣ ಹೊಡೆಸುತ್ತಾನಂತೆ.

ಬಾಂಗ್ ಆದರೆ ಈಗ ನಾನು ಕಾಲು ಎತ್ತುವುದಿಲ್ಲ. ನಿನ್ನ ವ್ಯಾಯಾಮದ ಹಾಳೆಯನ್ನು ಕುರ್‌ಆನಿನ ಕಪಾಟಿನ ಕೆಳಗೆ ಇಟ್ಟಿದ್ದೇನೆ. ನಿನ್ನ ತಪ್ಪಲ್ಲ. ಊರಿಗೆ ಬಂದರೆ ಕುಲಶೇಖರ ಹತ್ತಿರವೇ. ನಿನ್ನ ಆಸೆ ಅದೇ ಆಗಿತ್ತಲ್ಲ, ಆಯಿತು.

ಸೈನಬ

*

ಕುಲಶೇಖರ
7 ಜನವರಿ 1994

ಸೈನಬ ಆಂಟಿಗೆ ಡಾಲಿಯ ನಮಸ್ಕಾರಗಳು.

ಇದು ಮಾಯಿಗೆ ಗೊತ್ತಿಲ್ಲದೆ ಬರೆಯುವುದು. ನಾವು ಅತ್ತೆಗೆ ಮಾಯಿ ಅನ್ನುತ್ತೇವೆ. ನಿಮ್ಮ ಕಾಗದ ಓದಿ ಹೇಳಿದೆ. "ಉತ್ತರ ಬರೆಯುವಾ?" ಅಂತ ಕೇಳಿದರೆ ಮಾಯಿ ಗೋಡೆಗೆ ತಿರುಗಿ ಮಲಗಿದರು.

ಕನ್ನಡಕ ಒಡೆದೇ ಇಲ್ಲ ಆಂಟಿ. ಮಾಯಿಯ ಕೈ ಬೆರಳುಗಳು ಸೊಟ್ಟಗಾಗಿವೆ. ಗಂಟುಗಳೆಲ್ಲ ಊದಿವೆ. ನಿಮಗೆ ಬರೆದ ಮೊದಲ ಕಾಗದವೇ ಮಾಯಿ ಬರೆದ ಕೊನೆಯ ಕಾಗದ, ಅದಕ್ಕೆ ಮೂರು ದಿನ ಹಿಡಿಯಿತು. ಈಗ ಚಮಚವಾಗಲಿ ಕಾಗದವಾಗಲಿ ಹಿಡಿಯಲಾಗುವುದಿಲ್ಲ, ನಾನೇ ತಲೆ ಬಾಚುತ್ತೇನೆ. ಮಸ್ಕತ್‌ನಲ್ಲಿ ಇರುವಾಗಲೇ ಶುರುವಾಗಿತ್ತಂತೆ. ಒಬ್ಬ ರೋಗಿಯ ಕಾಲು ಕೈಯಿಂದ ಜಾರಿ ಬಿತ್ತಂತೆ, ಅದರ ಮೇಲೆಯೇ ಅವರನ್ನು ಕೆಲಸದಿಂದ ತೆಗೆದದ್ದು. ನಿಮಗೆ ಹೇಳಿರಲಿಲ್ಲ ಅಂತ ನನಗೆ ನಿಮ್ಮ ಕಾಗದ ಓದಿದ ಮೇಲೆ ತಿಳಿಯಿತು.

ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಬೆರಳಿಗೂ ವ್ಯಾಯಾಮ ಮಾಡಿ ಅಂದಿದ್ದಾರೆ. ಮಾಡುವುದಿಲ್ಲ. ಎಲ್ಲರಿಗೂ ಹೇಳಿಕೊಡುತ್ತಾರೆ, ತಾನು ಮಾಡುವುದಿಲ್ಲ. ನಿಮ್ಮ ಕಾಗದ ಬರುವ ದಿನ ಮಾತ್ರ ಎದ್ದು ಕೂರುತ್ತಾರೆ. ನಾನು ಹೇಳಿದೆ ಅಂತ ಹೇಳಬೇಡಿ.

ಇಂತಿ ನಿಮ್ಮ
ಡಾಲಿ

*

ಅಲ್ ಖುವೈರ್
30 ಜನವರಿ 1994

ಒಲಿಂಡಾ,

ನನಗೆ ಗೊತ್ತಾಯಿತು. ಹೇಗೆ ಅಂತ ಕೇಳಬೇಡ, ಆ ಹುಡುಗಿಗೆ ಬೈಯಬೇಡ. ಒಂದೇ ರೋಗ ಇಬ್ಬರಿಗೆ, ನೀನು ಎದುರು ಮನೆಯಲ್ಲಿ ಕೂತು ನನ್ನ ಹತ್ತಿರ ಬಾಯಿ ಬಿಡಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕಪಾಟಿನ ಕೆಳಗಿನಿಂದ ನಿನ್ನ ಹಾಳೆ ತೆಗೆದೆ. ಲುಹರ್ ಬಾಂಗ್ ಆಯಿತು, ಕಾಲೆತ್ತಿದೆ. ಒಂಬತ್ತು ದಿನ ಒಂದೂ ವಕ್ತ್ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಬಿಸಿನೀರಿನ ಬಟ್ಟೆ ಕಟ್ಟಿ, ಇವರ ಹಳೆಯ ಕೊಡೆ ಊರಿಕೊಂಡು ಹೊರಟೆ. ಪ್ರತಿ ತಿರುವಿನಲ್ಲಿ ಕೂತೆ. ಹದಿನೆಂಟನೇ ಮೆಟ್ಟಿಲು ಬಂದಾಗ ಕಣ್ಣು ಮುಚ್ಚಿ ಎಡಗಾಲು ಇಟ್ಟೆ. ಬಂತು. ನಲವತ್ತು ಆಯಿತು, ಕೊನೆಯ ಎರಡು ಸಹ ಆಯಿತು. ಅಂಗಡಿಯಲ್ಲಿ ಇವರು ಆ ಕಡೆ ತಿರುಗಿ ಅಕ್ಕಿ ತೂಗುತ್ತಿದ್ದರು. ಕರೆಯಲಿಲ್ಲ. ಕರೆದಿದ್ದರೆ ಹೋಗಲು ಬಿಡುತ್ತಿರಲಿಲ್ಲ. ಕಿತ್ತಳೆ-ಬಿಳಿ ಟ್ಯಾಕ್ಸಿ ನಿಲ್ಲಿಸಿ, ಬೌಷರ್ ಕಡೆಯ ನಿನ್ನ ಕ್ಲಿನಿಕ್‌ಗೆ ಹೋದೆ.

ಫಿಸಿಯೋ ರೂಮಿನ ಮಲಯಾಳಿ ಹುಡುಗಿಗೆ ನಿನ್ನ ಹೆಸರು ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ಆ ದಿನ ನಿನ್ನ ಪರವಾಗಿ ಮಾತಾಡಲು ಧೈರ್ಯ ಸಾಲಲಿಲ್ಲ ಅಂದಳು. ಕೈ ವ್ಯಾಯಾಮದ ಚಿತ್ರ ಬಿಡಿಸಿ ಕೊಟ್ಟಳು, ಇದರೊಳಗಿದೆ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಕೇಳು. ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸು. ನೀರಿನೊಳಗೇ ಮೆಲ್ಲ ಮುಷ್ಟಿ ಮಾಡು, ಬಿಡಿಸು. ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸು. ಮುಟ್ಟದಿದ್ದರೆ ಎಷ್ಟು ಬರುತ್ತದೋ ಅಷ್ಟು. ಮೇಜಿನ ಮೇಲೆ ಅಂಗೈ ಇಟ್ಟು ಬೆರಳು ಅಗಲಿಸು. ಊತ ಬಿಸಿ ಇರುವ ದಿನ ಗಟ್ಟಿಯಾಗಿ ಹಿಂಡಬೇಡ. ಹಿಂಡಿ ಬಟ್ಟೆ ಒಗೆಯುವುದು ಬಿಡು. ನಿನ್ನ ಜಪಸರದಲ್ಲಿ ಹತ್ತು ಹತ್ತು ಮಣಿಯ ಗುಂಪು ಉಂಟಲ್ಲ, ಆದ್ದರಿಂದಲೇ ನಿನಗೆ ಹತ್ತರ ಲೆಕ್ಕ ಅಂತ ನನಗೆ ಈಗ ಹೊಳೆಯಿತು. ಒಂದು ಗುಂಪು ಮಾಡು, ಐದೂ ಗುಂಪು ಬೇಡ. ಹತ್ತು ಅಂದರೆ ಹತ್ತು. ಹನ್ನೊಂದು ಮಾಡಿದರೆ ಬೈಯುತ್ತೇನೆ.

ಇನ್ನು ಇವರ ಕಥೆ. ಊಟಕ್ಕೆ ಹತ್ತಿದರಂತೆ, ಬಾಗಿಲು ತೆರೆದು ನೋಡಿದರೆ ನಾನಿಲ್ಲ. ಬಚ್ಚಲಿನಲ್ಲಿ ಇಲ್ಲ, ಮಂಚದ ಕೆಳಗೂ ನೋಡಿದರಂತೆ, ನಾನೇನು ಬೆಕ್ಕಾ? ನಾನು ಟ್ಯಾಕ್ಸಿ ಇಳಿಯುವಾಗ ಚಪ್ಪಲಿ ಇಲ್ಲದೆ ರಸ್ತೆಯಲ್ಲಿ ನಿಂತಿದ್ದರು. "ಎಲ್ಲಿ ಹೋಗಿದ್ದೆ? ಯಾರು ಇಳಿಸಿದರು?" "ಯಾರೂ ಇಲ್ಲ, ನಾನೇ." ಅವರು ಕೊಡೆ ನೋಡಿದರು, ನನ್ನ ಕಾಲು ನೋಡಿದರು, ಅಂಗಡಿಯೊಳಗೆ ಹೋಗಿ ಆ ಬಿಳಿ ಪ್ಲಾಸ್ಟಿಕ್ ಕುರ್ಚಿ ತಂದರು.

"ಅದರಲ್ಲಿ ಎತ್ತಿಸಿಕೊಂಡು ನಾನು ಬರುವುದಿಲ್ಲ" ಅಂದೆ. "ಎತ್ತಲಿಕ್ಕಲ್ಲ ಮಾರಾಯ್ತಿ, ನೀನು ಹತ್ತು" ಅಂದರು. ಕುರ್ಚಿ ಹೊತ್ತು ಮುಂದೆ ಹೋಗಿ ಪ್ರತಿ ತಿರುವಿನಲ್ಲಿ ಇಟ್ಟರು. ನಾನು ಹತ್ತು ಮೆಟ್ಟಿಲು ಹತ್ತಿ ಕೂರುವುದು, ಅವರು ಕಾಯುವುದು. ಮೂರನೇ ತಿರುವಿಗೆ ನಾನು ಮುಟ್ಟಿದಾಗ ಅವರೇ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು, ಎರಡೂ ಮೊಣಗಂಟು ಒತ್ತಿಕೊಂಡು. ನಾನು ನಿಂತೇ ಇದ್ದೆ. "ಯಾವಾಗಿನಿಂದ?" ಅಂತ ಕೇಳಿದೆ. ಒಂದು ವರ್ಷ ಆಯಿತಂತೆ. ದಿನಕ್ಕೆ ನಾಲ್ಕು ಸಲ ನೀರು, ತರಕಾರಿ ಹೊತ್ತು ಹತ್ತಿದವರು ಒಂದು ಮಾತು ಹೇಳಿಲ್ಲ. ನಿನ್ನ ಜಾತಿಯೇ ಇವರದ್ದೂ. ನನಗೆ ಅಲ್ಲಿಯೇ ಅಳು ಬಂತು.

ಟಿಕೆಟ್ ವಾಪಸು ಕೊಟ್ಟು ಬಂದಿದ್ದಾರೆ. ಈ ವರ್ಷಕ್ಕೆ ಮಾತ್ರ, ಮುಂದಿನದು ಮುಂದೆ. ಕೆಳಗಿನ ಮಾಳಿಗೆಯಲ್ಲಿ ಮನೆ ಖಾಲಿಯಾದರೆ ಹೇಳಿ ಅಂತ ಮಾಲೀಕನ ಹತ್ತಿರ ಹೇಳಿದ್ದಾರೆ. ಎರಡು ದಿನ ನಾನು ಹಾಸಿಗೆ ಬಿಟ್ಟೇಳಲಿಲ್ಲ. ಗುಣವೇನೂ ಆಗಿಲ್ಲ ಒಲಿಂಡಾ, ನೋವು ಇದ್ದೇ ಇದೆ, ದಣಿವೂ ಇದೆ. ಬಾಂಗ್ ಆದರೆ ಈಗ ಇಬ್ಬರೂ ಎದುರುಬದುರು ಕೂತು ಕಾಲೆತ್ತುತ್ತೇವೆ.

ನೀನು ಆ ಮಾತು ಇವರಿಗೆ ಯಾಕೆ ಹೇಳಿದೆ ಅಂತ ಇನ್ನು ಕೇಳುವುದಿಲ್ಲ. ಮುಂದಿನ ಕಾಗದ ಡಾಲಿಯ ಅಕ್ಷರದಲ್ಲಿ ಬೇಡ. ಎಷ್ಟು ಸೊಟ್ಟ ಇದ್ದರೂ ಪರವಾಗಿಲ್ಲ.

ನಿನ್ನ ಸೈನಬ

*

ಕುಲಶೇಖರ
21 ಫೆಬ್ರವರಿ 1994

ಸೈನಬಕ್ಕ, ಇದು ನನ್ನದೇ ಅಕ್ಷರ, ದಿನಕ್ಕೆ ಎರಡು ಸಾಲು ಬರೆಯುತ್ತೇನೆ.

ಪೆನ್ನಿಗೆ ಡಾಲಿ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟಿದ್ದಾಳೆ.

ಆ ದಿನ ಆದಂ ಬ್ಯಾರಿಗಳಿಗೆ ಹೇಳಿದ್ದು ನಿನ್ನ ಕಾಲಿಗಾಗಿ ಅಲ್ಲ.

ನನ್ನನ್ನು ಕೆಲಸದಿಂದ ತೆಗೆದಿದ್ದರು, ನಿನಗೆ ಹೇಳಲು ನಾಚಿಕೆಯಾಯಿತು.

ಈ ಕೈ ಇಟ್ಟುಕೊಂಡು ಒಬ್ಬಳೇ ಬರಲು ಹೆದರಿದೆ, ನೀನೂ ಬಂದರೆ ಜೊತೆಯಾಗುತ್ತದೆ ಅಂತ ಆಸೆಪಟ್ಟೆ.

ನಿನ್ನ ಗಂಡನಿಂದ ನಿನ್ನನ್ನು ಬಿಡಿಸುತ್ತೇನೆ ಅಂತ ಹೊಳೆಯಲೇ ಇಲ್ಲ, ತಪ್ಪಾಯಿತು.

ನೀನು ಇಳಿದದ್ದನ್ನು ಡಾಲಿಯಿಂದ ಮೂರು ಸಲ ಓದಿಸಿದೆ.

ನೀರಿನಲ್ಲಿ ಅರ್ಧ ಮುಷ್ಟಿ ಆಗುತ್ತದೆ, ಪೂರ್ತಿ ಆಗಲಿಕ್ಕಿಲ್ಲ.

ನಿನ್ನೆ ರವಕೆಯ ಒಂದು ಗುಂಡಿ ನಾನೇ ಹಾಕಿದೆ, ಉಳಿದ ನಾಲ್ಕು ಡಾಲಿ ಹಾಕಿದಳು.

ಹತ್ತು ಸಾಲಾಯಿತು, ಇನ್ನೊಂದು ಬರೆದರೆ ನೀನು ಬೈಯುತ್ತೀ.

ಒಲಿಂಡಾ